ಕರೆಂಟ್ ವೈರಿನಲ್ಲೇ ಹಿಂದಿನ ಕೋಣೆಗೂ ಇಂಟರ್‌ನೆಟ್



ಮೈಸೂರಿನ ಮೊಹಲ್ಲಾಗಳ ಹಳೇ ಮನೆಗಳಲ್ಲಿ ಗೋಡೆ ದಪ್ಪ. ವೈ-ಫೈ ರೂಟರ್ ಹಜಾರದಲ್ಲಿದ್ದರೆ ಹಿಂದಿನ ಕೋಣೆಗೆ ಸಿಗ್ನಲ್ ಸರಿಯಾಗಿ ಬರೋದಿಲ್ಲ. ಅಲ್ಲಿ ಹೊಲಿಗೆ ಮಾಡುವ ಸದಸ್ಯೆ ಗಿರಾಕಿ ಕಳಿಸಿದ ಡಿಸೈನ್ ನೋಡಲು, ಹಣ ಬಂತೇ ಎಂದು ತಿಳಿಯಲು ಪ್ರತಿ ಸಲ ಎದ್ದು ಬರಬೇಕು. ಇದಕ್ಕೊಂದು ಉಪಾಯ ಪವರ್‌ಲೈನ್ ಅಡಾಪ್ಟರ್.

ಇದು ಜೋಡಿಯಾಗಿ ಸಿಗುತ್ತದೆ. ಒಂದನ್ನು ರೂಟರ್ ಪಕ್ಕದ ಪ್ಲಗ್ಗಿಗೆ ಹಾಕಿ, ಕೇಬಲ್‌ನಿಂದ ರೂಟರ್‌ಗೆ ಜೋಡಿಸಬೇಕು. ಇನ್ನೊಂದನ್ನು ಹಿಂದಿನ ಕೋಣೆಯ ಪ್ಲಗ್ಗಿಗೆ ಹಾಕಬೇಕು. ಮೊಬೈಲ್ ಬಳಸುವವರು ಎರಡನೆಯದರಲ್ಲಿ ವೈ-ಫೈ ಇದೆಯೇ ಎಂದು ಕೇಳಿಯೇ ಕೊಳ್ಳಬೇಕು.

ಒಂದೇ ತಂತಿಯಲ್ಲಿ ಎರಡೂ ಹೇಗೆ ಸಾಗುತ್ತವೆ? ಮನೆಯ ಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ; ಇಂಟರ್‌ನೆಟ್ ಸಂಕೇತ ಲಕ್ಷಗಟ್ಟಲೆ ಸಲ. ಅಡಾಪ್ಟರ್ ಜರಡಿಯಂತೆ ಎರಡನ್ನೂ ಬೇರ್ಪಡಿಸುತ್ತದೆ.

ಗಮನಿಸಿ:

* ಎರಡೂ ಪ್ಲಗ್ ಒಂದೇ ಮೀಟರಿನದಾಗಿರಲಿ. ವಠಾರದಲ್ಲಿ ಬೇರೆ ಮೀಟರಿನ ಕೋಣೆಗೆ ಇದನ್ನು ನಂಬಬೇಡಿ.
* ಗೋಡೆಯ ಪ್ಲಗ್ಗಿಗೇ ಹಾಕಿ, ಎಕ್ಸ್‌ಟೆನ್ಶನ್ ಬೋರ್ಡ್ ಬೇಡ. ಮಿಕ್ಸಿ ಓಡುವಾಗ ವೇಗ ತಗ್ಗಬಹುದು.
* ಜೋಡಿಸುವ ಬಟನ್ ಒತ್ತಿ. ಆಗ ಸಂಕೇತಕ್ಕೆ ಬೀಗ ಬೀಳುತ್ತದೆ, ಪಕ್ಕದವರಿಗೆ ಸಿಗದು.
* ಡಬ್ಬದ ಮೇಲೆ ಬರೆದಷ್ಟು ವೇಗ ಸಿಗೋದಿಲ್ಲ. ಕರೆಂಟು ಹೋದರೆ ಇದೂ ನಿಲ್ಲುತ್ತದೆ.
* ವೈರಿಂಗ್ ತೀರಾ ಹಳೆಯದಾದರೆ ಮೊದಲು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಸ್ವಿಚ್‌ಬೋರ್ಡ್ ನೀವೇ ಬಿಚ್ಚಬೇಡಿ.

ಇದಕ್ಕಾಗಿ ಸಂಘದಲ್ಲಿ ಸಾಲ ಕೇಳುವ ಮುಂಚೆ ರೂಟರನ್ನು ಮನೆಯ ನಡುವಿಗೆ ಸರಿಸಿ ನೋಡಿ. ಅದಕ್ಕೆ ಹೆಚ್ಚು ಖರ್ಚಿಲ್ಲ. ಆಗಲೂ ಸಿಗ್ನಲ್ ಬಾರದಿದ್ದರೆ, ಸರಿಹೋಗದಿದ್ದರೆ ವಾಪಸ್ ತೆಗೆದುಕೊಳ್ಳುವ ಅಂಗಡಿಯಲ್ಲೇ ಅಡಾಪ್ಟರ್ ಕೊಳ್ಳಿ.