ಏಜೆಂಟ್, ಆಕ್ಟ್, ಅಜೆಂಡಾ

ಮೀಟಿಂಗಿಗೆ ಮೊದಲೇ ಮೇಜಿನ ಮೇಲೆ ಅಜೆಂಡಾ ಬಂದು ಕೂತಿರುತ್ತದೆ. ಅಷ್ಟರಲ್ಲಿ ವಿಮೆ ಏಜೆಂಟನ ಫೋನು. ಚರ್ಚೆ ಯಾವುದೋ ಹೊಸ ಆಕ್ಟಿನ ಬಗ್ಗೆ. ಮೂರೂ ಒಂದೇ ಮನೆಯ ಪದಗಳು. ಆ ಮನೆ ಲ್ಯಾಟಿನ್‌ನ 'ಅಗೆರೆ', ಎಂದರೆ ಮಾಡು, ನಡೆಸು.

ಮಾಡುವ, ಮಾಡಿದ, ಮಾಡದ ಎಂದು ಶಾಲೆಯಲ್ಲಿ ಕೃದಂತ ಉರು ಹೊಡೆದದ್ದು ನೆನಪಿದೆಯೇ? ಲ್ಯಾಟಿನ್‌ನಲ್ಲಿ ಇಂಥವು 4. 'ಅಗೇನ್ಸ್', ಮಾಡುತ್ತಿರುವ. 'ಆಕ್ತುಸ್', ಮಾಡಲ್ಪಟ್ಟ, ಧಾತುವಿನ ಗ-ಕಾರ ತ-ಕಾರಕ್ಕೆ ತಾಗಿ ಕ-ಕಾರವಾಗಿದೆ. 'ಆಕ್ತೂರುಸ್', ಇನ್ನೇನು ಮಾಡಲಿರುವ. 'ಅಗೆಂದುಸ್', ಮಾಡಬೇಕಾದ, ಸಂಸ್ಕೃತದ 'ಕರ್ತವ್ಯ'ದ ಹಾಗೆ.

ನಮ್ಮ 'ಮಾಡುವ' ಸುಖಜೀವಿ. ಮಾಡುವ ಹುಡುಗ, ಮಾಡುವ ಹುಡುಗಿಗೆ, ಮಾಡುವ ಕೆಲಸಗಳನ್ನು: ತಾನು ಅಲುಗುವುದಿಲ್ಲ, ಹೊರೆಯೆಲ್ಲ ಮುಂದಿನ ನಾಮಪದದ್ದು. ಲ್ಯಾಟಿನ್ ಕೃದಂತವೋ ನಾಮಪದದ ಲಿಂಗ, ವಚನ, ವಿಭಕ್ತಿ ಮೂರನ್ನೂ ತಾನೂ ಹೊರಬೇಕು. ಪುಲ್ಲಿಂಗಕ್ಕೆ ಆಕ್ತುಸ್, ಸ್ತ್ರೀಲಿಂಗಕ್ಕೆ ಆಕ್ತ, ನಪುಂಸಕಕ್ಕೆ ಆಕ್ತುಮ್. ಅಗೇನ್ಸ್ ಮಾತ್ರ ಪ್ರಥಮಾ ಏಕವಚನದಲ್ಲಿ ಮೂರು ಲಿಂಗಕ್ಕೂ ಒಂದೇ. ಆದರೆ ಷಷ್ಠಿಗೆ ಬಂದೊಡನೆ ಅಡಗಿದ್ದ ತ-ಕಾರ ಹೊರಬಿದ್ದು 'ಅಗೆಂತಿಸ್' ಆಗುತ್ತದೆ, ದ್ವಿತೀಯೆಯಲ್ಲಿ, ನಪುಂಸಕ ಬಿಟ್ಟು, 'ಅಗೆಂತೆಮ್'. ಏಜೆಂಟಿನ ಬಾಲದ 'ಟ್' ಬಂದದ್ದು ಅಲ್ಲಿಂದ. ಸಂಸ್ಕೃತ ಓದಿದವರಿಗೆ 'ಗಚ್ಛನ್, ಗಚ್ಛಂತಮ್' ನೆನಪಾದರೆ ಅದು ಕಾಕತಾಳೀಯವಲ್ಲ. ಎರಡೂ ಒಂದೇ ಮೂಲಭಾಷೆಯ ಕವಲುಗಳು. ಇನ್ನೊಂದು ಸಾಕ್ಷಿ: ಲ್ಯಾಟಿನ್‌ನಿಂದಲೇ ಬಂದ ಡೇಟಾ ಎಂದರೆ 'ಕೊಡಲ್ಪಟ್ಟವು'. ಅದಕ್ಕೆ ನಾವು ಕಟ್ಟಿಕೊಂಡ 'ದತ್ತಾಂಶ'ದಲ್ಲಿರುವ ದತ್ತವೂ ಅದೇ ಮೂಲಧಾತುವಿನ ಕೃದಂತ.

'ಅಗೆಂದ' ನಪುಂಸಕ ಬಹುವಚನ, 'ಮಾಡಬೇಕಾದವು'. ಹಾಗಾಗಿ ಅಜೆಂಡಾಗಳು ಎಂದರೆ ಬಹುವಚನದ ಮೇಲೊಂದು ಬಹುವಚನ. ತಪ್ಪೇನಲ್ಲ ಬಿಡಿ, ಎರವಲು ಬಂದ ಪದ ನಮ್ಮ ಮನೆಯ ರೂಢಿಗೆ ಒಗ್ಗಲೇಬೇಕು.

ಇಷ್ಟೆಲ್ಲ ಇದ್ದೂ ಲ್ಯಾಟಿನ್‌ಗೊಂದು ಬಡತನ. ಉಂಡು, ಗೆದ್ದು ಎಂದು ನಾವು ಸಲೀಸಾಗಿ ಹೇಳುವುದಕ್ಕೆ ಅಲ್ಲಿ ಬಹುತೇಕ ಧಾತುಗಳಿಗೆ ಕೃದಂತವೇ ಇಲ್ಲ. ಅವಕ್ಕೆ ಭೂತಕಾಲದ್ದು ಇರುವುದು ಕರ್ಮಣಿಯಲ್ಲಿ ಮಾತ್ರ. 'ಸೇನಾಪತಿ ನಗರ ಗೆದ್ದು ಮರಳಿದ' ಎನ್ನಲು ರೋಮನ್ನರು 'ಉರ್ಬೆ ಕಪ್ತಾ' ಎಂದು ಶುರುಮಾಡುತ್ತಿದ್ದರು: 'ನಗರವು ಗೆಲ್ಲಲ್ಪಟ್ಟಿರಲು'. ನಗರವೂ ಕೃದಂತವೂ ಒಟ್ಟಿಗೆ ನಮ್ಮ ಪಂಚಮಿಯಂಥ ವಿಭಕ್ತಿಗೆ ಹೋಗುತ್ತವೆ. ಸಂಸ್ಕೃತದ ಸತಿಸಪ್ತಮಿಗೆ ಇದು ದಾಯಾದಿ. ಗೆದ್ದವರು ಯಾರೆಂದು ಆ ಎರಡು ಪದ ಬಾಯಿ ಬಿಡುವುದಿಲ್ಲ, ಓದುವವರೇ ಊಹಿಸಿಕೊಳ್ಳಬೇಕು. ಗಾಲ್ ಯುದ್ಧದ ಬಗ್ಗೆ ಸೀಸರ್ ಬರೆದ ವರದಿಯಲ್ಲಿ ಇಂಥವು ಹೇರಳವಾಗಿ ಸಿಗುತ್ತವೆ.