ದಾರಿ ತಪ್ಪಿ ಬಂದ ಮೀನುಗಳು

ಆಸ್ಟ್ರೇಲಿಯಾದ ಸಿಡ್ನಿ ನಗರದ ಕಡಲತೀರಗಳಲ್ಲಿ ಜನವರಿಯಿಂದ ಮೇ ತಿಂಗಳವರೆಗೆ ನೀರಿಗೆ ಮುಳುಗಿ ವಿಹರಿಸುವವರಿಗೆ, ಆ ಪ್ರದೇಶಕ್ಕೆ ಸೇರದ ಕೆಲವು ಮೀನುಗಳು ಎದುರಾಗುತ್ತವೆ. ಬೆರಳುದ್ದದ ಮೈ, ಬಿಳಿಯ ಮೇಲೆ ಕಪ್ಪು ಅಡ್ಡಪಟ್ಟೆ, ಬೆನ್ನಿನ ಮೇಲೆ ಹಳದಿಯ ಛಾಯೆ. ಹವಳದ ದಿಬ್ಬಗಳಲ್ಲಿ ಇರಬೇಕಾದ ಈ ಮೀನು, ಹವಳದ ದಿಬ್ಬಗಳಿಲ್ಲದ ತಣ್ಣನೆಯ ಕಡಲಿಗೆ ಬಂದುದು ಹೇಗೆ? ಅದು ನಿಜವಾಗಿ ಅದೇ ಮೀನೆಂದು ನಾವು ನಂಬುವುದಾದರೂ ಹೇಗೆ? ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭವಾಗಿ ದೊರೆಯುತ್ತದೆ. ಎರಡನೆಯದಕ್ಕೆ ಸ್ವಲ್ಪ ತಾಳ್ಮೆ ಬೇಕು.

ಆಸ್ಟ್ರೇಲಿಯಾದ ಪೂರ್ವ ತೀರದುದ್ದಕ್ಕೂ ಬೆಚ್ಚನೆಯ ನೀರಿನ ಪ್ರವಾಹವೊಂದು ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಅದಕ್ಕೆ ಪೂರ್ವ ಆಸ್ಟ್ರೇಲಿಯಾ ಪ್ರವಾಹವೆಂದು ಹೆಸರು. ಮಹಾ ಹವಳದಿಬ್ಬದ ದಕ್ಷಿಣ ತುದಿಯಿಂದ ಸಿಡ್ನಿಗೆ ಸುಮಾರು 1,100 ಕಿಲೋಮೀಟರ್ ದೂರ. ಪ್ರವಾಹದ ವೇಗವನ್ನು ಸೆಕೆಂಡಿಗೆ ಒಂದು ಮೀಟರ್ ಎಂದಿಟ್ಟುಕೊಂಡರೆ ದಿನಕ್ಕೆ 86 ಕಿಲೋಮೀಟರ್ ಆಗುತ್ತದೆ. ಇಡೀ ದಾರಿಗೆ ಹದಿಮೂರು ದಿನ ಸಾಕು. ಮೊಟ್ಟೆಯೊಡೆದು ಹೊರಬಂದ ಮೀನಿನ ಮರಿಗಳು ಮೊದಲ ಎರಡು ಮೂರು ವಾರಗಳನ್ನು ನೀರಿನೊಡನೆ ತೇಲುತ್ತಲೇ ಕಳೆಯುವುದರಿಂದ ಲೆಕ್ಕ ಸರಿಹೊಂದುತ್ತದೆ. ಪ್ರವಾಹವು 32 ಡಿಗ್ರಿ ದಕ್ಷಿಣ ಅಕ್ಷಾಂಶದ ಸಮೀಪದಲ್ಲಿ ತೀರವನ್ನು ಬಿಟ್ಟು ಪೂರ್ವಕ್ಕೆ ತಿರುಗುವುದಾದರೂ, ಅದರಿಂದ ಒಡೆದ ಬೆಚ್ಚನೆಯ ಸುಳಿಗಳು ಇನ್ನೂ ದಕ್ಷಿಣಕ್ಕೆ ಸಾಗುತ್ತವೆ. ಮರಿಗಳು ಈ ಸುಳಿಗಳ ಪ್ರಯಾಣಿಕರು. ಟಿಕೆಟ್ಟು ಒಂದು ಕಡೆಗೆ ಮಾತ್ರ.

ಇನ್ನು ಗುರುತಿಸುವ ಮಾತು. ಮೇಲೆ ವರ್ಣಿಸಿದ ಮೀನಿಗೆ ಇಂಗ್ಲಿಷಿನಲ್ಲಿ ಸಾರ್ಜೆಂಟ್ ಮೀನೆಂದು ಹೆಸರು. ಪಟ್ಟೆಗಳು ಸೈನಿಕನ ತೋಳಿನ ಪಟ್ಟಿಗಳನ್ನು ಹೋಲುವುದರಿಂದ. ಶಾಸ್ತ್ರೀಯ ನಾಮ ಅಬುಡೆಫ್‌ಡಫ್ ವೈಗಿಯೆನ್ಸಿಸ್. ಇದಕ್ಕೆ ಬಹಳ ಹತ್ತಿರದ ಸೋದರನೊಂದುಂಟು: ಅಬುಡೆಫ್‌ಡಫ್ ಸೆಕ್ಸ್‌ಫ್ಯಾಸಿಯೇಟಸ್. ಹೆಸರಿನ ಅರ್ಥ ‘ಆರು ಪಟ್ಟೆಯದು’ ಎಂದಾದರೂ ಮೈಮೇಲೆ ಎಣಿಸಿದರೆ ಸಾಮಾನ್ಯವಾಗಿ ಐದೇ ಸಿಕ್ಕುತ್ತವೆ. ಹೆಸರನ್ನು ನಂಬಿ ಎಣಿಸಲು ಹೊರಟವನು ಮೋಸಹೋಗುತ್ತಾನೆ. ಮೊದಲನೆಯ ಮೀನಿಗೂ ಐದೇ ಪಟ್ಟೆ. ಹಾಗಾದರೆ ವ್ಯತ್ಯಾಸವೆಲ್ಲಿ? ಬಾಲದಲ್ಲಿ. ಎರಡನೆಯದರ ಬಾಲದ ಎರಡು ಕವಲುಗಳಲ್ಲೂ ಒಂದೊಂದು ಕಪ್ಪು ಗೆರೆ ಇದ್ದು, ತೆರೆದ ಕತ್ತರಿಯಂತೆ ತೋರುತ್ತದೆ. ಮೊದಲನೆಯದರ ಬಾಲದಲ್ಲಿ ಆ ಗೆರೆಗಳಿಲ್ಲ. ಆದುದರಿಂದ ಮುಳುಗುಗಾರನ ಛಾಯಾಚಿತ್ರದಲ್ಲಿ ಮೀನಿನ ಮುಖ ಎಷ್ಟು ಸುಂದರವಾಗಿ ಬಂದಿದ್ದರೂ ಬಾಲ ಬರದಿದ್ದರೆ ತಜ್ಞನು ನಿಸ್ಸಹಾಯಕನು. ಪಕ್ಕದಿಂದ, ಈಜುರೆಕ್ಕೆಗಳೆಲ್ಲ ಬಿಚ್ಚಿಕೊಂಡಿರುವಾಗ ತೆಗೆದ ಚಿತ್ರವೇ ಸಾಕ್ಷ್ಯ.

ಬಣ್ಣವನ್ನು ಮಾತ್ರ ಸುಲಭವಾಗಿ ನಂಬಲಾಗದು. ಭೌತಶಾಸ್ತ್ರದ ಉಪಾಧ್ಯಾಯರಾದ ನಮಗೆ ಇದು ಪ್ರಿಯವಾದ ವಿಷಯವಾದುದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇವೆ. ನೀರು ಬೆಳಕಿನ ಎಲ್ಲ ಬಣ್ಣಗಳನ್ನೂ ಸಮನಾಗಿ ಬಿಡುವುದಿಲ್ಲ. ಕೆಂಪು ಕಿರಣಗಳನ್ನು ಅದು ಬೇಗನೆ ಹೀರಿಕೊಳ್ಳುತ್ತದೆ. ನೀಲಿ ಬಹಳ ಆಳಕ್ಕೆ ಇಳಿಯುತ್ತದೆ. ಹತ್ತು ಹದಿನೈದು ಮೀಟರ್ ಆಳದಲ್ಲಿ ಕೆಂಪು ಮೀನು ಕಂದುಬೂದಿಯಾಗಿ ಕಾಣುವುದು ಕಣ್ಣಿನ ದೋಷವಲ್ಲ; ಪ್ರತಿಫಲಿಸಲು ಅಲ್ಲಿ ಕೆಂಪು ಬೆಳಕೇ ಇಲ್ಲ. ಕ್ಯಾಮೆರಾದ ಫ್ಲಾಶ್ ದೀಪ ಹೊತ್ತಿದ ಕ್ಷಣ ಅದೇ ಮೀನು ಕೆಂಪಾಗುತ್ತದೆ. ದೀಪವಿಲ್ಲದೆ ಕಂಡ ಬಣ್ಣಕ್ಕಿಂತ ಪಟ್ಟೆ, ಚುಕ್ಕೆ, ಗೆರೆಗಳ ಸ್ಥಾನಕ್ಕೆ ತಜ್ಞರು ಹೆಚ್ಚು ಬೆಲೆ ಕೊಡುವುದು ಇದಕ್ಕಾಗಿಯೇ.

ಗಾತ್ರದ ವಿಚಾರವೂ ಹೀಗೆಯೇ. ನೀರಿನ ವಕ್ರೀಭವನಾಂಕವು 1.33, ಎಂದರೆ ಸುಮಾರು 4/3 ಎಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಮುಳುಗುಗಾರನು ಮುಖಕ್ಕೆ ಕಟ್ಟಿಕೊಂಡ ಚಪ್ಪಟೆ ಗಾಜಿನೊಳಗಿನಿಂದ ನೋಡುವಾಗ 2 ಮೀಟರ್ ದೂರದ ಮೀನು 1.5 ಮೀಟರಿನಲ್ಲಿರುವಂತೆ ತೋರುತ್ತದೆ. ನಿಜವಾದ ದೂರ ಎರಡು ಮೀಟರೆಂದೇ ತಿಳಿದು ಅಂದಾಜು ಮಾಡಿದರೆ 15 ಸೆಂಟಿಮೀಟರಿನ ಮೀನು 20 ಸೆಂಟಿಮೀಟರ್ ಆಗುತ್ತದೆ. ಇದಕ್ಕೆ ಸರಳ ಪರಿಹಾರವುಂಟು. ಮೀನಿನ ಪಕ್ಕದಲ್ಲಿ, ಅಷ್ಟೇ ದೂರದಲ್ಲಿ, ಅಳತೆ ಗೊತ್ತಿರುವ ಒಂದು ವಸ್ತುವನ್ನು ಹಿಡಿದು ಚಿತ್ರ ತೆಗೆದರೆ ಎರಡೂ ಒಂದೇ ಪ್ರಮಾಣದಲ್ಲಿ ದೊಡ್ಡದಾಗುವುದರಿಂದ ಅವುಗಳ ಪರಸ್ಪರ ಅನುಪಾತ ಕೆಡುವುದಿಲ್ಲ.

ಗಾತ್ರದ ಮೇಲೆ ಇಷ್ಟು ಕಟ್ಟುನಿಟ್ಟು ಏಕೆಂದು ಕೇಳಬಹುದು. ಸಾರ್ಜೆಂಟ್ ಮೀನು ಕೆಂಪು ಸಮುದ್ರದಿಂದ ನಮ್ಮ ದೇಶದ ಕರಾವಳಿಗಳನ್ನು ಹಾದು ಶಾಂತಸಾಗರದ ದ್ವೀಪಗಳವರೆಗೆ ಹರಡಿಕೊಂಡಿದೆ. ಅಲ್ಲೆಲ್ಲ ಅದನ್ನು ಕಂಡರೆ ಸುದ್ದಿಯಲ್ಲ. ಸಿಡ್ನಿಯಲ್ಲಿ ಮಾರ್ಚಿಯಲ್ಲಿ ಕಂಡರೂ ದೊಡ್ಡ ಸುದ್ದಿಯಲ್ಲ. ಬೇಸಿಗೆಯಲ್ಲಿ ಬಂದ ಮರಿಗಳಲ್ಲಿ ಬಹುಪಾಲು ಚಳಿಗಾಲದಲ್ಲಿ ನೀರಿನ ಉಷ್ಣತೆ 17-18 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿದಾಗ ಸತ್ತುಹೋಗುತ್ತವೆ. ದಕ್ಷಿಣ ಗೋಲಾರ್ಧದಲ್ಲಿ ಜುಲೈ, ಆಗಸ್ಟ್ ಚಳಿಯ ತಿಂಗಳುಗಳೆಂಬುದನ್ನು ಇಲ್ಲಿ ನೆನೆಯಬೇಕು. ಸೆಪ್ಟೆಂಬರಿನಲ್ಲಿ, ಹೊಸ ಮರಿಗಳು ಇನ್ನೂ ಬಂದಿರದ ಕಾಲದಲ್ಲಿ, ಬೆಳೆದ ಮೀನೊಂದು ಕಾಣಿಸಿಕೊಂಡರೆ ಮಾತ್ರ ಅದು ಚಳಿಯನ್ನು ಗೆದ್ದು ಉಳಿದುದು ಎಂದಾಗುತ್ತದೆ. ಅತಿಥಿ ಯಾವುದು, ಒಕ್ಕಲಾದುದು ಯಾವುದು ಎಂಬುದು ಗಾತ್ರ ಮತ್ತು ತಾರೀಖು ಎರಡನ್ನೂ ಕೂಡಿಸಿದಾಗಲೇ ತಿಳಿಯುವುದು. ಮೂರನ್ನೊಂದು ಭಾಗ ಹೆಚ್ಚಾಗಿ ಹೇಳಿದ ಉದ್ದವು ಈ ತೀರ್ಪನ್ನೇ ತಲೆಕೆಳಗು ಮಾಡಬಲ್ಲುದು.

ಇನ್ನೂ ದಕ್ಷಿಣಕ್ಕೆ ಹೋದರೆ ಟಾಸ್ಮೇನಿಯಾ ದ್ವೀಪ. ಅದರ ಪೂರ್ವ ತೀರದ ಮರಾಯಾ ದ್ವೀಪದ ಬಳಿ 1944ರಿಂದ ಕಡಲಿನ ಉಷ್ಣತೆಯನ್ನು ಅಳೆಯುತ್ತ ಬಂದಿದ್ದಾರೆ. 2002ರವರೆಗಿನ ಲೆಕ್ಕದಂತೆ ಅಲ್ಲಿನ ಏರಿಕೆಯ ದರ ಶತಮಾನಕ್ಕೆ 2.28 ಡಿಗ್ರಿ. ಪ್ರವಾಹದ ಬೆಚ್ಚನೆಯ ನೀರು ಹಿಂದಿಗಿಂತ ದೂರ ದಕ್ಷಿಣಕ್ಕೆ ತಲುಪುತ್ತಿರುವುದೇ ಇದಕ್ಕೆ ಮುಖ್ಯ ಕಾರಣ. 2015-16ರಲ್ಲಿ ಟಾಸ್ಮನ್ ಸಮುದ್ರದಲ್ಲಿ ಬಂದ ಉಷ್ಣದ ಅಲೆಯಂತೂ 251 ದಿನ ನಿಂತಿತು. ಟಾಸ್ಮೇನಿಯಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2009ರಲ್ಲಿ ‘ರೆಡ್‌ಮ್ಯಾಪ್’ ಎಂಬ ಯೋಜನೆಯನ್ನು ಆರಂಭಿಸಿದರು. 2012ರಲ್ಲಿ ಅದು ದೇಶಕ್ಕೆಲ್ಲ ವಿಸ್ತರಿಸಿತು. ಮೀನುಗಾರರೂ ಮುಳುಗುಗಾರರೂ ತಮ್ಮ ಕಡಲಿಗೆ ಅಪರೂಪವಾದ ಜೀವಿಯನ್ನು ಕಂಡಾಗ ಚಿತ್ರ, ಸ್ಥಳ, ತಾರೀಖುಗಳನ್ನು ಕಳುಹಿಸುತ್ತಾರೆ. ಆಯಾ ಜೀವಿಯನ್ನು ಬಲ್ಲ ವಿಜ್ಞಾನಿಯು ಪರೀಕ್ಷಿಸಿ ಒಪ್ಪಿದ ಬಳಿಕವೇ ಅದು ದಾಖಲೆ ಸೇರುವುದು.

ಈ ದಾಖಲೆಗಳಲ್ಲೂ ಒಂದು ತೊಡಕಿದೆ. ಇಂದು ನೀರಿನೊಳಗೆ ಕ್ಯಾಮೆರಾ ಒಯ್ಯುವವರ ಸಂಖ್ಯೆ ಹಿಂದಿಗಿಂತ ಬಹಳ ಹೆಚ್ಚು. ನೋಡುವ ಕಣ್ಣುಗಳು ಹೆಚ್ಚಿದರೆ ಕಾಣುವ ಮೀನುಗಳೂ ಹೆಚ್ಚುತ್ತವೆ. ಮೀನು ಹೆಚ್ಚಾಯಿತೋ ಕಣ್ಣು ಹೆಚ್ಚಾಯಿತೋ? ಇದನ್ನು ಬಿಡಿಸಲು ಬೇರೊಂದು ಬಗೆಯ ಎಣಿಕೆ ಬೇಕು. 2007ರಲ್ಲಿ ಟಾಸ್ಮೇನಿಯಾದಲ್ಲಿ ಮೊದಲಾದ ‘ರೀಫ್ ಲೈಫ್ ಸರ್ವೆ’ಯಲ್ಲಿ ತರಬೇತಿ ಪಡೆದ ಹವ್ಯಾಸಿಗಳು 50 ಮೀಟರ್ ಉದ್ದದ ಟೇಪನ್ನು ತಳದ ಮೇಲೆ ಹಾಸಿ, ಅದರ ಎರಡೂ ಬದಿಗಳಲ್ಲಿ ಗೊತ್ತಾದ ಅಗಲದೊಳಗೆ ಕಂಡ ಮೀನುಗಳನ್ನೆಲ್ಲ ಎಣಿಸುತ್ತಾರೆ. ಅಲ್ಲಿ ಏನೂ ಕಾಣದಿದ್ದರೆ ಆ ಸೊನ್ನೆಗೂ ಬೆಲೆಯುಂಟು. ನಮ್ಮ ಅಭಿಪ್ರಾಯದಲ್ಲಿ ಅಪರೂಪದ ಒಂದು ಚಿತ್ರಕ್ಕಿಂತ ಆ ಸೊನ್ನೆಗಳ ಸಾಲು ಹೆಚ್ಚು ಶ್ರಮದ್ದು.

ಸಿಡ್ನಿಗೆ 400 ಕಿಲೋಮೀಟರಿಗೂ ಹೆಚ್ಚು ಉತ್ತರದಲ್ಲಿ ಸಾಲಿಟರಿ ದ್ವೀಪಗಳಿವೆ. ಅಲ್ಲಿನ ಬಂಡೆಗಳ ಮೇಲೆ ಕೆಲ್ಪ್ ಎಂಬ ದೊಡ್ಡ ಕಡಲಪಾಚಿ ತೋಪಿನಂತೆ ಬೆಳೆದಿತ್ತು. ನೀರಿನೊಳಗೆ ಹತ್ತು ವರ್ಷ ತೆಗೆದಿದ್ದ ಚಲನಚಿತ್ರಗಳನ್ನು ಪರಿಶೀಲಿಸಿದ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದಂತೆ, ಆ ಅವಧಿಯಲ್ಲಿ ಪಾಚಿಯ ಎಲೆಗಳ ಮೇಲೆ ಮೀನು ಕಚ್ಚಿದ ಗುರುತುಗಳು ಹೆಚ್ಚುತ್ತ ಹೋಗಿ, ಕಡೆಗೆ ತೋಪೇ ಇಲ್ಲವಾಯಿತು. ಕೆಲ್ಪನ್ನು ತಂದು ಮರಳಿ ನೆಟ್ಟಾಗ ಕೆಲವೇ ಗಂಟೆಗಳಲ್ಲಿ ಮೀನುಗಳು ಅದನ್ನು ತಿಂದು ಮುಗಿಸಿದವು. ತಿಂದವುಗಳಲ್ಲಿ ಮುಖ್ಯವಾದುದು ರ್‍ಯಾಬಿಟ್‌ಫಿಶ್ ಎಂಬ ಜಾತಿ: ಕಂದುಹಸುರು ಮೈ, ಮಸುಕಾದ ಮಚ್ಚೆಗಳು, ಮೊಲದಂತಹ ಮೂತಿ. ಪಟ್ಟೆಯೂ ಇಲ್ಲ, ಹಳದಿಯೂ ಇಲ್ಲ. ಮುಳುಗುಗಾರನು ಕ್ಯಾಮೆರಾ ತಿರುಗಿಸಿ ಚಿತ್ರ ತೆಗೆಯುವಂಥ ಮೀನೇ ಅದಲ್ಲ.