ಕತ್ತು ಬಗ್ಗಿದಾಗ ಭಾರ ಎಷ್ಟು?

ಹೇಮಾವತಿ, ಅಮರಾಪುರ, ಮಡಕಶಿರಾ ಕಡೆ ಕಡಲೆಕಾಯಿ ಕಿತ್ತ ಮೇಲೆ ಮನೆಮಂದಿಯೆಲ್ಲ ರಾಶಿಯ ಸುತ್ತ ಕುಳಿತು ಕಾಯಿ ಬಿಡಿಸುತ್ತೇವೆ. ಸಂಜೆಗೆ ಕತ್ತು ಸೆಟೆದು, ತಲೆಯ ಹಿಂಭಾಗ ಹಿಡಿದುಕೊಳ್ಳುತ್ತದೆ. ಬಿಸಿಲಿನ ತಲೆನೋವೆಂದು ಮಾತ್ರೆ ನುಂಗಿ ಮಲಗುತ್ತೇವೆ. ಬಿಸಿಲೂ ಕಾರಣವಿರಬಹುದು, ಕತ್ತಿನ ಪಾಲೂ ಉಂಟು.

ತಲೆಯ ತೂಕ ಸುಮಾರು 5 ಕಿಲೋ. ಕತ್ತಿನ 7 ಮೂಳೆಗಳ ಮೇಲೆ ಅದು ನೇರವಾಗಿ ಕುಳಿತಿದ್ದರೆ ಸ್ನಾಯುಗಳಿಗೆ ಶ್ರಮ ಕಡಿಮೆ. ತಲೆ ಮುಂದಕ್ಕೆ ಬಾಗಿದಷ್ಟೂ ಹಿಂದಿನ ಸ್ನಾಯುಗಳು ಅದನ್ನು ಎಳೆದು ಹಿಡಿಯಬೇಕು. ತುಂಬಿದ ಕೊಡವನ್ನು ಸೊಂಟದ ಮೇಲಿಡುವುದಕ್ಕೂ ಕೈಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸವೇ ಇದು. ಅಮೆರಿಕದ ಶಸ್ತ್ರವೈದ್ಯ ಕೆನೆತ್ ಹನ್ಸರಾಜ್ 2014ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 60 ಡಿಗ್ರಿ ಬಗ್ಗಿದಾಗ ಕತ್ತಿನ ಮೇಲೆ ಬೀಳುವ ಭಾರ ಸುಮಾರು 27 ಕಿಲೋ. ಅರ್ಧ ಮೂಟೆ ಡಿಎಪಿಗಿಂತ ಹೆಚ್ಚು!

ಹಾಗೆಂದು ಬಗ್ಗುವುದೇ ರೋಗವಲ್ಲ. ಬಗ್ಗದೆ ಬೇಸಾಯ ಎಲ್ಲಿದೆ? ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿರುವುದು ಕೆಟ್ಟದ್ದು. ಆಗ ಸ್ನಾಯುಗಳು ದಣಿದು ಗಂಟುಕಟ್ಟಿದಂತಾಗುತ್ತವೆ. ನೋವು ಭುಜಕ್ಕೂ ತಲೆಗೂ ಹರಡುತ್ತದೆ. ಮೂಳೆ ಸವೆದೋ ನಡುವಿನ ಮೆತ್ತೆ ಜಾರಿಯೋ ನರ ಒತ್ತಿದರೆ ಕೈ ಜೋಮು ಹಿಡಿಯುತ್ತದೆ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರಿಗೂ, ರಾತ್ರಿಯೆಲ್ಲ ಮೊಬೈಲಿಗೆ ತಲೆ ಬಗ್ಗಿಸುವ ನಮ್ಮ ಹುಡುಗರಿಗೂ ಇದೇ ಮಾತು.

ಕಾಯಿ ಬಿಡಿಸುವಾಗ ರಾಶಿಯನ್ನು ಕಟ್ಟೆಯ ಮೇಲೋ ಮಂಚದ ಮೇಲೋ ಎತ್ತರಕ್ಕೆ ಹಾಕಿಕೊಳ್ಳೋಣ. ಅರ್ಧ ಗಂಟೆಗೊಮ್ಮೆ ಎದ್ದು, ಭುಜ ತಿರುಗಿಸಿ, ಗದ್ದವನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಳ್ಳೋಣ. ಸಾಲಿನ ನಡುವಿನ ಕಳೆಗೆ ಸೈಕಲ್ ಕುಂಟೆ ಇದ್ದರೆ ನಿಂತೇ ಕೆಲಸವಾಗುತ್ತದೆ. ಹಸಿ ಹುಲ್ಲಿನ ಹೊರೆಯನ್ನು ಎರಡು ಮಾಡಿ ಹೊತ್ತರೆ ಒಂದು ನಡಿಗೆ ಹೆಚ್ಚಾದೀತು, ಅಷ್ಟೆ. (ಹೊರುವವರು ಹೆಚ್ಚಾಗಿ ಹೆಂಗಸರೇ, ಆ ಎರಡನೆಯ ಹೊರೆಯನ್ನು ಗಂಡಸರು ಹೊರಬಹುದು.)

ಕ್ಷೌರದಂಗಡಿಯಲ್ಲಿ ಕತ್ತು ತಿರುಚಿ ನೆಟಿಗೆ ತೆಗೆಸುವುದನ್ನು ಮಾತ್ರ ಬಿಟ್ಟೇಬಿಡಬೇಕು. 2024ರಲ್ಲಿ ಬಳ್ಳಾರಿಯ ಯುವಕನೊಬ್ಬನಿಗೆ ಹೀಗೆ ತಿರುಚಿಸಿಕೊಂಡ ಮೇಲೆ ಕತ್ತಿನ ರಕ್ತನಾಳ ಸೀಳಿ ಲಕ್ವ ಹೊಡೆದದ್ದು ಪತ್ರಿಕೆಗಳಲ್ಲಿ ಬಂದಿತ್ತು.

ಕೈಯ ಹಿಡಿತ ಸಡಿಲವಾದರೆ, ನಡಿಗೆ ತಪ್ಪಿದರೆ, ಮೂತ್ರ ಹತೋಟಿ ಮೀರಿದರೆ, ಮರದಿಂದ ಬಿದ್ದು ಕತ್ತು ನೋಯುತ್ತಿದ್ದರೆ ಎಣ್ಣೆ ತಿಕ್ಕಿ ಕಾಯುವುದು ಬೇಡ. ಅಂದೇ ಆಸ್ಪತ್ರೆಗೆ ಹೋಗಬೇಕು. ಬಿದ್ದವರನ್ನು ಎಬ್ಬಿಸಿ ಕೂರಿಸದೆ, ಕತ್ತು ಅಲುಗದಂತೆ ಮಲಗಿಸಿಯೇ 108 ವಾಹನಕ್ಕೆ ಕರೆಮಾಡಿ.